ಕಂಬ ನಂಬರ್ 67: ಒಳ್ಳೆ ಲೀಡರ್ ಅಂದ್ರೆ ಯಾರು?

ವಿಡಿಯೋ ನೋಡೋಕೆ ಟೈಮ್ ಇಲ್ಲದವರಿಗೆ, ಆಫೀಸ್ ಕ್ಯಾಬ್‌ನಲ್ಲಿ ಇಯರ್‌ಫೋನ್ ಮರೆತು ಬಂದವರಿಗೆ, ಎಂದಿನಂತೆ ಇದು ಬರಹದ ರೂಪ. ಮಾತಾಡುವಾಗ ಎರಡು ಕಡೆ ಇಸವಿ ತಡವರಿಸಿದ್ದೆ, ಇಲ್ಲಿ ಸರಿ ಮಾಡಿದ್ದೇನೆ. ಉಳಿದಿದ್ದು ಹೆಚ್ಚುಕಡಿಮೆ ಹಾಗೇ ಇದೆ.

ಇವತ್ತಿನ ವಿಷಯ ಲೀಡರ್‌ಶಿಪ್. ಈ ಪದ ಕೇಳಿದ ಕೂಡಲೇ ನಿಮ್ಮಲ್ಲಿ ಅರ್ಧ ಜನ ಟ್ಯಾಬ್ ಕ್ಲೋಸ್ ಮಾಡ್ತೀರಿ ಅಂತ ಗೊತ್ತು. ನಾನೂ ಮಾಡ್ತಿದ್ದೆ. ಆದರೆ ಇದು ಟ್ರೈನಿಂಗ್ ರೂಮಿನ ಲೀಡರ್‌ಶಿಪ್ ಅಲ್ಲ. ನಾವು ದಿನಾ ಓಡಾಡುವ ದಿಲ್ಲಿ ಮೆಟ್ರೋದ ಕಥೆ. ಅದಕ್ಕೂ ಮೊದಲು ನನ್ನದೇ ಒಂದು ತಪ್ಪಿನ ಕಥೆ ಹೇಳಬೇಕು, ಯಾಕಂದ್ರೆ ಈ ಚರಿತ್ರೆಯನ್ನು ನಾನು ಓದೋಕೆ ಶುರು ಮಾಡಿದ್ದೇ ಅದರಿಂದ.

ಒಂದು ಶುಕ್ರವಾರ ರಾತ್ರಿ

ಕೆಲವು ವರ್ಷದ ಹಿಂದೆ, ನೋಯ್ಡಾದಲ್ಲಿ ನಾನು ಮೊದಲ ಸಲ ಟೀಮ್ ಲೀಡ್ ಆದೆ. ಎರಡು ದಿನ ಟ್ರೈನಿಂಗ್ ಕೊಟ್ಟರು. ಸ್ಲೈಡ್ ಮೇಲೆ ಒಳ್ಳೆ ನಾಯಕನ ಗುಣಗಳ ಪಟ್ಟಿ: ದೂರದೃಷ್ಟಿ, ಸಹಾನುಭೂತಿ, ಸಂವಹನ, ಧೈರ್ಯ, ಹೀಗೆ ಹತ್ತು. ನಾನು ನೋಟ್ಸ್ ಕೂಡ ಬರೆದುಕೊಂಡೆ.

ಮೂರನೇ ತಿಂಗಳಲ್ಲಿ ಒಂದು ಶುಕ್ರವಾರ ರಾತ್ರಿ, ಟೀಮಿನ ಹೊಸ ಹುಡುಗ ಒಬ್ಬ ಪ್ರೊಡಕ್ಷನ್ ಡೇಟಾಬೇಸ್ ಮೇಲೆ ಒಂದು ಸ್ಕ್ರಿಪ್ಟ್ ಓಡಿಸಿದ. ಒಂದು ಕಂಡೀಷನ್ ತಪ್ಪಿತ್ತು. ಸಾವಿರಾರು ರೆಕಾರ್ಡ್ ಹಾಳಾಯಿತು. ಬೆಳಗಿನ ಜಾವ ಮೂರು ಗಂಟೆಗೆ ಬ್ಯಾಕಪ್‌ನಿಂದ ಎಲ್ಲ ವಾಪಸ್ ತಂದೆವು. ಸೋಮವಾರ ಕ್ಲೈಂಟ್ ಕಾಲ್. ಹದಿನಾಲ್ಕು ಜನ ಇದ್ದರು. ಏನಾಯ್ತು ಅಂತ ಕೇಳಿದರು. ನಾನು ಒಂದು ಸೆಕೆಂಡೂ ಯೋಚಿಸದೆ ಹೇಳಿದೆ: ಟೀಮಿಗೆ ಹೊಸದಾಗಿ ಬಂದವರೊಬ್ಬರಿಂದ ಆಯಿತು, ಅವರಿಗೆ ತಿಳಿಸಿ ಹೇಳಿದ್ದೇವೆ. ಹೆಸರನ್ನೂ ಹೇಳಿದೆ.

ಅವನು ಅದೇ ಕಾಲ್‌ನಲ್ಲಿದ್ದ. ಮೈಕ್ ಮ್ಯೂಟ್.

ನಾನು ಆ ಕಾಲ್‌ನಲ್ಲಿ ಹೇಳದೇ ಬಿಟ್ಟಿದ್ದು ಒಂದೇ ಒಂದು ವಿಷಯ. ಆ ಸ್ಕ್ರಿಪ್ಟ್ ರಿವ್ಯೂ ಮಾಡಿ ಅಪ್ರೂವ್ ಬಟನ್ ಒತ್ತಿದ್ದು ನಾನೇ. ಊಟಕ್ಕೆ ಹೋಗುವ ಗಡಿಬಿಡಿಯಲ್ಲಿ, ಓದದೇ.

ಎರಡು ತಿಂಗಳಲ್ಲಿ ಆ ಹುಡುಗ ಕೆಲಸ ಬಿಟ್ಟ. ಬೇರೆ ಕಾರಣ ಕೊಟ್ಟ. ನನಗೆ ನಿಜವಾದ ಕಾರಣ ಗೊತ್ತಿತ್ತು.

ಕೈಲಾಶ್ ಕಾಲನಿ ಹತ್ತಿರ

ಅದೇ ದಿನಗಳಲ್ಲಿ ಒಂದು ಭಾನುವಾರ ವಯೊಲೆಟ್ ಲೈನ್‌ನಲ್ಲಿ ಬದರ್ಪುರ್ ಕಡೆ ಹೋಗ್ತಿದ್ದೆ. ಮೂಲ್‌ಚಂದ್ ದಾಟಿ, ಕೈಲಾಶ್ ಕಾಲನಿ ಹತ್ತಿರ ಟ್ರೈನ್ ಮನೆಗಳ ಟೆರೇಸ್ ಎತ್ತರದಲ್ಲಿ ಓಡುತ್ತೆ. ಪಕ್ಕದಲ್ಲಿ ಕೂತಿದ್ದ ವಯಸ್ಸಾದವರೊಬ್ಬರು ಹಿಂದಿಯಲ್ಲಿ ಮೊಮ್ಮಗನಿಗೆ ಹೇಳ್ತಿದ್ದರು, ಇಲ್ಲೇ ಸೇತುವೆ ಬಿದ್ದಿತ್ತು, ಶ್ರೀಧರನ್ ಸಾಹೇಬರು ಆವತ್ತೇ ರಾಜೀನಾಮೆ ಕೊಟ್ಟುಬಿಟ್ಟಿದ್ದರು ಅಂತ. ಮನೆಗೆ ಬಂದು ಓದೋಕೆ ಕೂತೆ.

2009ರ ಜುಲೈ 12, ಭಾನುವಾರ. ಇನ್ನೂ ಬೆಳಕು ಹರಿಯುವ ಹೊತ್ತು. ದಕ್ಷಿಣ ದಿಲ್ಲಿಯ ಜಮ್ರೂದ್‌ಪುರದಲ್ಲಿ ಸೆಂಟ್ರಲ್ ಸೆಕ್ರೆಟೇರಿಯೆಟ್-ಬದರ್ಪುರ್ ಮಾರ್ಗದ ಕೆಲಸ ನಡೀತಾ ಇತ್ತು. ಕಂಬ ನಂಬರ್ 67ರ ಮೇಲಿನ ಕ್ಯಾಪ್ ಕುಸಿಯಿತು. ಅದರ ಜೊತೆ ಲಾಂಚಿಂಗ್ ಗರ್ಡರ್, ಅದರ ಮೇಲಿದ್ದ ಸೇತುವೆ ತುಂಡು, ಎಲ್ಲ ಕೆಳಗೆ. 6 ಜನ ಸತ್ತರು, 15 ಜನಕ್ಕೆ ಗಾಯ. ಸತ್ತವರು ಅಲ್ಲಿ ಕೆಲಸ ಮಾಡ್ತಿದ್ದವರು.

ಅದೇ ದಿನ, ತನಿಖೆ ಇನ್ನೂ ಶುರುವಾಗುವ ಮೊದಲೇ, ದಿಲ್ಲಿ ಮೆಟ್ರೋ ರೈಲ್ ಕಾರ್ಪೊರೇಷನ್‌ನ ಮ್ಯಾನೇಜಿಂಗ್ ಡೈರೆಕ್ಟರ್ ಇ. ಶ್ರೀಧರನ್ ಪತ್ರಿಕಾಗೋಷ್ಠಿ ಕರೆದು, ನೈತಿಕ ಹೊಣೆ ನನ್ನದು ಅಂತ ರಾಜೀನಾಮೆ ಕೊಟ್ಟರು. ಆಗ ಅವರಿಗೆ 77 ವರ್ಷ. ಕಟ್ಟುತ್ತಿದ್ದದ್ದು ಗುತ್ತಿಗೆದಾರ ಕಂಪನಿ. ವಿನ್ಯಾಸ ಮಾಡಿದ್ದು ಬೇರೆ ಸಲಹೆಗಾರರು. ಬೆರಳು ತೋರಿಸೋಕೆ ಕನಿಷ್ಠ ಮೂರು ದಿಕ್ಕು ಇದ್ದವು. ಹದಿನಾಲ್ಕು ಜನರ ಕಾಲ್‌ನಲ್ಲಿ ನಾನು ಹೇಳಿದ ವಾಕ್ಯವನ್ನು ಅವರು ದೇಶದ ಎಲ್ಲ ಚಾನೆಲ್‌ಗಳ ಮುಂದೆ ಆರಾಮಾಗಿ ಹೇಳಬಹುದಿತ್ತು. ಹೇಳಲಿಲ್ಲ.

ಮುಂದೆ ಏನಾಯ್ತು ಅನ್ನೋದನ್ನ ಕೊನೆಗೆ ಹೇಳ್ತೀನಿ. ಕಥೆ ಅಷ್ಟು ಸರಳ ಇಲ್ಲ. ಮೊದಲು ಈ ಮನುಷ್ಯ ಯಾರು ಅಂತ ನೋಡೋಣ. ಇವರ ಕಥೆಯಲ್ಲಿ ನಮ್ಮ ಕರಾವಳಿಯೂ ಇದೆ, ಹಾಸನದ ಒಬ್ಬರು ಪ್ರಧಾನಿಯೂ ಇದ್ದಾರೆ.

46 ದಿನ

ಶ್ರೀಧರನ್ ಹುಟ್ಟಿದ್ದು 1932ರಲ್ಲಿ, ಕೇರಳದ ಪಾಲಕ್ಕಾಡ್ ಕಡೆ. ಓದಿದ್ದು ಸಿವಿಲ್ ಎಂಜಿನಿಯರಿಂಗ್. ಸೇರಿದ್ದು ರೈಲ್ವೆ.

1964ರ ಡಿಸೆಂಬರ್‌ನಲ್ಲಿ ಧನುಷ್ಕೋಡಿಯನ್ನು ಅಳಿಸಿಹಾಕಿದ ಚಂಡಮಾರುತ ಬಂತಲ್ಲ, ಅದು ರಾಮೇಶ್ವರಕ್ಕೆ ಹೋಗುವ ಪಾಂಬನ್ ರೈಲು ಸೇತುವೆಯ ಹೆಚ್ಚಿನ ಗರ್ಡರ್‌ಗಳನ್ನು ಸಮುದ್ರಕ್ಕೆ ಎಸೆದಿತ್ತು. ಸರಿಮಾಡೋಕೆ ರೈಲ್ವೆ ಕೊಟ್ಟ ಗಡುವು ಆರು ತಿಂಗಳು. ಮೇಲಧಿಕಾರಿ ಅದನ್ನು ಮೂರು ತಿಂಗಳಿಗೆ ಇಳಿಸಿದರು. ಕೆಲಸ ಬಿದ್ದಿದ್ದು 32 ವರ್ಷದ ಶ್ರೀಧರನ್ ಹೆಗಲಿಗೆ. ಮುಗಿದಿದ್ದು 46 ದಿನದಲ್ಲಿ.

ಈ ಕಥೆಯನ್ನು ವಾಟ್ಸಾಪ್‌ನಲ್ಲಿ ನೀವು ಓದಿರ್ತೀರಿ. ಸಾಮಾನ್ಯವಾಗಿ ಅಲ್ಲಿ 46 ಅನ್ನೋ ನಂಬರ್ ಮಾತ್ರ ಇರುತ್ತೆ. ಹೇಗೆ ಅನ್ನೋದು ಇರಲ್ಲ. ಹೊಸ ಗರ್ಡರ್ ಮಾಡಿಸಿ ತರಿಸೋಕೆ ಹೋಗಿದ್ದರೆ ತಿಂಗಳುಗಟ್ಟಲೆ ಬೇಕಿತ್ತು. ಹಳೆಯವು ಎಲ್ಲಿ ಬಿದ್ದಿವೆ ಅನ್ನೋ ಸುಳಿವು ಸಿಕ್ಕಿದ್ದು ಅಲ್ಲಿನ ಮೀನುಗಾರರಿಂದ. ಸಮುದ್ರದ ತಳದಿಂದ ಅವನ್ನೇ ಎತ್ತಿ ಮತ್ತೆ ಕೂರಿಸಿದರು. ಅಂದ್ರೆ ವೇಗ ಬಂದಿದ್ದು ಜನರನ್ನು ಹೆಚ್ಚು ಹೊತ್ತು ದುಡಿಸಿದ್ದರಿಂದ ಮಾತ್ರ ಅಲ್ಲ. ಪ್ರಶ್ನೆಯನ್ನೇ ಬದಲಾಯಿಸಿದ್ದರಿಂದ, ಮತ್ತು ತನಗಿಂತ ಹೆಚ್ಚು ಗೊತ್ತಿರುವವರು ಲುಂಗಿ ಉಟ್ಟ ಮೀನುಗಾರರಾದರೂ ಅವರ ಮಾತು ಕೇಳಿದ್ದರಿಂದ. ನಮ್ಮಲ್ಲಿ ಎಷ್ಟು ಮ್ಯಾನೇಜರ್‌ಗಳು ಸಪೋರ್ಟ್ ಟೀಮಿನ ಹುಡುಗರನ್ನು ಕೇಳಿ ಪ್ಲ್ಯಾನ್ ಮಾಡ್ತಾರೆ?

ಹೊನ್ನಾವರದ ಸೇತುವೆ

ನಾನು ಕುಮಟಾ ಕಡೆಯವನು. 90ರ ದಶಕದಲ್ಲಿ ನಾನು ಚಡ್ಡಿ ಹಾಕಿಕೊಂಡು ಓಡಾಡುವಾಗ ನಮ್ಮೂರಲ್ಲಿ ರೈಲು ಅಂದ್ರೆ ಚಿತ್ರದಲ್ಲಿ ನೋಡುವ ವಸ್ತು. ಮಳೆಗಾಲದಲ್ಲಿ ಘಟ್ಟ ಕುಸಿದರೆ ಮುಂಬಯಿಯಿಂದ ಬರುವ ಚಿಕ್ಕಪ್ಪನ ಬಸ್ಸು ಎರಡು ದಿನ ತಡ. ಅಪ್ಪ ಒಂದು ಸಲ ಹೊನ್ನಾವರಕ್ಕೆ ಕರೆದುಕೊಂಡು ಹೋಗಿ ಶರಾವತಿಯ ಮೇಲೆ ಎದ್ದು ನಿಲ್ಲುತ್ತಿದ್ದ ಕಂಬಗಳನ್ನು ತೋರಿಸಿದ್ದು ನೆನಪಿದೆ. ಅದೇ ಕೊಂಕಣ ರೈಲ್ವೆಯ ಅತಿ ಉದ್ದದ ಸೇತುವೆ, 2 ಕಿಲೋಮೀಟರಿಗೂ ಸ್ವಲ್ಪ ಹೆಚ್ಚು.

ಈ ರೈಲ್ವೆ ಹುಟ್ಟಿದ ರೀತಿ ನೋಡಿ. ಕರಾವಳಿಗೆ ರೈಲು ಬೇಕು ಅನ್ನೋ ಬೇಡಿಕೆ ಬಹಳ ಹಳೆಯದು. ರೈಲ್ವೆ ಬಜೆಟ್‌ನಲ್ಲಿ ಅದಕ್ಕೆ ದುಡ್ಡು ಮಾತ್ರ ಸಿಗ್ತಿರಲಿಲ್ಲ. 1989ರ ಡಿಸೆಂಬರ್‌ನಲ್ಲಿ ಮಂಗಳೂರಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್ ರೈಲ್ವೆ ಮಂತ್ರಿ ಆದರು. 1974ರ ದೊಡ್ಡ ರೈಲ್ವೆ ಮುಷ್ಕರವನ್ನು ನಡೆಸಿದ ಅದೇ ಕಾರ್ಮಿಕ ನಾಯಕ. ಅವರ ಕಾಲದಲ್ಲಿ ಬಜೆಟ್‌ಗೆ ಕಾಯೋದು ಬಿಟ್ಟು ಪ್ರತ್ಯೇಕ ಕಂಪನಿ ಮಾಡಿದರು. ರೈಲ್ವೆಯದು ಶೇ. 51, ಮಹಾರಾಷ್ಟ್ರ 22, ಕರ್ನಾಟಕ 15, ಗೋವಾ ಮತ್ತು ಕೇರಳ ತಲಾ 6. ಉಳಿದ ಹಣವನ್ನು ಬಾಂಡ್ ಮೂಲಕ ಎತ್ತೋದು. 1990ರ ಜೂನ್‌ನಲ್ಲಿ ರಿಟೈರ್ ಆದ ಶ್ರೀಧರನ್ ಅವರನ್ನು ಕರೆದು ಕಂಪನಿಯ ಮುಖ್ಯಸ್ಥರನ್ನಾಗಿ ಮಾಡಿದರು.

ಅದೇ ವರ್ಷ ನವೆಂಬರ್‌ನಲ್ಲಿ ಸರ್ಕಾರ ಬಿತ್ತು. ಫರ್ನಾಂಡಿಸ್ ಮಂತ್ರಿಯಾಗಿ ಇದ್ದಿದ್ದು ಒಂದು ವರ್ಷಕ್ಕಿಂತ ಕಡಿಮೆ. ಆದರೆ ಕಂಪನಿ ನಿಂತಿತು. ನನಗೆ ಇಲ್ಲಿ ಕಾಣುವ ನಾಯಕತ್ವ ಎರಡು ಬಗೆಯದು. ಒಂದು ಕಟ್ಟಿದವರದು. ಇನ್ನೊಂದು ಸರಿಯಾದ ಮನುಷ್ಯನನ್ನು ಆರಿಸಿ, ಹಣ ಮತ್ತು ಸ್ವಾತಂತ್ರ್ಯದ ವ್ಯವಸ್ಥೆ ಮಾಡಿ, ತಾನು ಹೋದಮೇಲೂ ಅದು ನಡೆಯುವ ಹಾಗೆ ಬಿಟ್ಟುಹೋದವರದು. ಎರಡನೆಯದಕ್ಕೆ ಫೋಟೋ ಸಿಗಲ್ಲ.

ರೋಹಾದಿಂದ ಮಂಗಳೂರಿನ ತೋಕೂರುವರೆಗೆ ಸುಮಾರು 740 ಕಿಲೋಮೀಟರ್. 90ಕ್ಕೂ ಹೆಚ್ಚು ಸುರಂಗ. ಮಂಗಳೂರು-ಉಡುಪಿ ನಡುವೆ ಮೊದಲ ರೈಲು ಓಡಿದ್ದು 1993ರ ಮಾರ್ಚ್‌ನಲ್ಲಿ. ಪೂರ್ತಿ ಮಾರ್ಗ ಸಿದ್ಧವಾಗಿದ್ದು 1998ರ ಜನವರಿಯಲ್ಲಿ. ಸೈಟ್ ಆಫೀಸುಗಳಲ್ಲಿ ಹಿಮ್ಮುಖ ಗಡಿಯಾರ ಇಡುತ್ತಿದ್ದರು. ಇನ್ನು ಎಷ್ಟು ದಿನ ಉಳಿದಿದೆ ಅಂತ ದಿನಾ ಒಂದೊಂದೇ ಕಡಿಮೆಯಾಗುವ ಬೋರ್ಡ್. ಅದೇ ಬೋರ್ಡ್ ಆಮೇಲೆ ದಿಲ್ಲಿಗೂ ಬಂತು.

ಇದರ ಇನ್ನೊಂದು ಮುಖವೂ ಹೇಳಬೇಕು. ಗೋವಾದ ಪೆರ್ನೆಮ್ ಸುರಂಗದಲ್ಲಿ ಮಣ್ಣು ಹಸಿ ಮೆತ್ತಗೆ, ಅಗೆದಷ್ಟೂ ಕುಸಿಯೋದು. ಅಲ್ಲಿ ಕೆಲಸಗಾರರು ಜೀವ ಕಳೆದುಕೊಂಡರು. ಇಡೀ ಮಾರ್ಗದಲ್ಲಿ ಸತ್ತವರಿಗಾಗಿ ರತ್ನಾಗಿರಿಯಲ್ಲಿ ಶ್ರಮಶಕ್ತಿ ಸ್ಮಾರಕ ಇದೆ. ಊರಿಗೆ ಹೋಗುವಾಗ ಎಸಿ ಬೋಗಿಯಲ್ಲಿ ಕಿಟಕಿ ಪಕ್ಕ ಕೂತು ನಾವು ರೀಲ್ ಮಾಡುವ ಆ ಸುರಂಗಗಳಿಗೆ ಬೆಲೆ ಕಟ್ಟಿದವರು ಅವರು.

ದಿಲ್ಲಿಗೆ ಬಂದಾಗ ವಯಸ್ಸು 65

ದಿಲ್ಲಿಗೆ ಮೆಟ್ರೋ ಬೇಕು ಅಂತ ದಶಕಗಳಿಂದ ವರದಿ ಮೇಲೆ ವರದಿ ಬರ್ತಿತ್ತು. 1995ರ ಮೇ ತಿಂಗಳಲ್ಲಿ ಕಾರ್ಪೊರೇಷನ್ ನೋಂದಣಿ ಆಯಿತು. 1996ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸಂಪುಟ ಮೊದಲ ಹಂತಕ್ಕೆ ಒಪ್ಪಿಗೆ ಕೊಟ್ಟಿತು. ಆಗ ಪ್ರಧಾನಿ ಯಾರು? ಎಚ್.ಡಿ. ದೇವೇಗೌಡರು. ದಿಲ್ಲಿ ಮೆಟ್ರೋಗೆ ಹಸಿರು ನಿಶಾನೆ ಸಿಕ್ಕಿದ್ದು ಹೊಳೆನರಸೀಪುರದವರ ಸಂಪುಟದಲ್ಲಿ. ಆರ್.ಕೆ. ಪುರಂನ ಕರ್ನಾಟಕ ಸಂಘದಲ್ಲಿ ಕ್ವಿಜ್ ಮಾಡುವವರು ಇದನ್ನು ಬರೆದಿಟ್ಟುಕೊಳ್ಳಿ.

1997ರ ನವೆಂಬರ್‌ನಲ್ಲಿ ಶ್ರೀಧರನ್ ಎಂಡಿ ಆದರು. ನಮ್ಮ ಇಂಡಸ್ಟ್ರಿಯಲ್ಲಿ 45 ದಾಟಿದರೆ ಎಚ್ಆರ್‌ನವರು ಒಂಥರಾ ನೋಡ್ತಾರೆ. ಇವರಿಗೆ ಆಗ 65. ಕಟ್ಟಡದ ಕೆಲಸ ಶುರುವಾಗಿದ್ದು 1998ರ ಅಕ್ಟೋಬರ್ 1. ಶಾಹದರಾ-ತೀಸ್ ಹಜಾರಿ ಮೊದಲ ತುಂಡು, ಸುಮಾರು 8 ಕಿಲೋಮೀಟರ್, 2002ರ ಡಿಸೆಂಬರ್ 24ಕ್ಕೆ ವಾಜಪೇಯಿ ಉದ್ಘಾಟನೆ ಮಾಡಿದರು. ಮೊದಲ ಹಂತದ 65 ಕಿಲೋಮೀಟರ್‌ಗೆ ಇದ್ದ ಗಡುವು ಹತ್ತು ವರ್ಷ. ಹಿಡಿದದ್ದು ಏಳು ವರ್ಷ ಮೂರು ತಿಂಗಳು. ಖರ್ಚು ಸುಮಾರು 10,500 ಕೋಟಿ. ಅರ್ಧಕ್ಕಿಂತ ಹೆಚ್ಚು ಜಪಾನಿನ ಸಾಲ.

ನಮ್ಮ ಬೆಂಗಳೂರಿನ ಜೊತೆ ಹೋಲಿಸದೇ ಇರೋಕೆ ಆಗಲ್ಲ. ನಮ್ಮ ಮೆಟ್ರೋ ಮೊದಲ ಹಂತ 42 ಕಿಲೋಮೀಟರ್. ಶಂಕುಸ್ಥಾಪನೆ 2006ರ ಜೂನ್, ಪೂರ್ತಿಯಾಗಿದ್ದು 2017ರ ಜೂನ್. ಬೆಂಗಳೂರಿನ ನೆಲದಡಿ ಗಟ್ಟಿ ಬಂಡೆ ಇದೆ, ದಿಲ್ಲಿಯಲ್ಲಿ ಕೇಂದ್ರ ಸರ್ಕಾರ ಪಕ್ಕದಲ್ಲೇ ಇದೆ, ಇದೆಲ್ಲ ನಿಜ. ಆದರೂ ಹನ್ನೊಂದು ವರ್ಷ.

ದಿಲ್ಲಿಯಲ್ಲಿ ಏನು ಬೇರೆ ಇತ್ತು? ಸಣ್ಣ ಟೀಮ್. ಟೆಂಡರ್ ನಿರ್ಧಾರ ಕಂಪನಿಯೊಳಗೇ, ಫೈಲ್ ಮಂತ್ರಾಲಯಗಳ ಸುತ್ತ ಪ್ರದಕ್ಷಿಣೆ ಹಾಕಲ್ಲ. ಜನರನ್ನು ಆರಿಸುವ ಸ್ವಾತಂತ್ರ್ಯ. ಕಟ್ಟುವ ಮೊದಲೇ ನೀರಿನ ಪೈಪು, ಕೇಬಲ್ ಎಲ್ಲ ಸ್ಥಳಾಂತರ. ಒಂದು ಸಣ್ಣ ವಿಷಯ ನನಗೆ ತುಂಬಾ ಹಿಡಿಸಿತು. ಸೈಟಿನಿಂದ ಮಣ್ಣು ತುಂಬಿ ಹೊರಡುವ ಲಾರಿಗಳ ಚಕ್ರವನ್ನು ತೊಳೆದು ರಸ್ತೆಗೆ ಬಿಡುತ್ತಿದ್ದರು, ಊರಿನ ರಸ್ತೆಗೆ ಕೆಸರು ಮೆತ್ತಬಾರದು ಅಂತ. ಸಂಸ್ಕೃತಿ ಅನ್ನೋದು ಗೋಡೆ ಮೇಲಿನ ಪೋಸ್ಟರ್‌ನಲ್ಲಿ ಇರಲ್ಲ, ಲಾರಿ ಚಕ್ರದಲ್ಲಿ ಇರುತ್ತೆ.

ಸೋತ ವಾದ

ಈ ಭಾಗ ನಮ್ಮಂಥ ಎಂಜಿನಿಯರ್‌ಗಳಿಗೆ ಮುಖ್ಯ. ಹಳಿಗಳ ನಡುವಿನ ಅಂತರ, ಅಂದ್ರೆ ಗೇಜ್, ಎಷ್ಟಿರಬೇಕು? ಶ್ರೀಧರನ್ ಕೇಳಿದ್ದು ಸ್ಟ್ಯಾಂಡರ್ಡ್ ಗೇಜ್, 1,435 ಮಿಲಿಮೀಟರ್. ಪ್ರಪಂಚದ ಹೆಚ್ಚಿನ ಮೆಟ್ರೋಗಳು ಅದರಲ್ಲೇ ಇವೆ. ಬೋಗಿ, ಬಿಡಿಭಾಗ ಸುಲಭವಾಗಿ ಸಿಗುತ್ತೆ, ಇಕ್ಕಟ್ಟಿನ ತಿರುವು ಸಲೀಸು. ರೈಲ್ವೆ ಸಚಿವಾಲಯ ಹೇಳಿದ್ದು ಬ್ರಾಡ್ ಗೇಜ್, 1,676 ಮಿಲಿಮೀಟರ್, ಭಾರತೀಯ ರೈಲ್ವೆಯಲ್ಲಿ ಇರುವುದೇ ಇರಲಿ ಅಂತ. ಮಂತ್ರಿಗಳ ಮಟ್ಟಕ್ಕೆ ಹೋದ ಈ ಜಗಳದಲ್ಲಿ ಶ್ರೀಧರನ್ ಸೋತರು.

ಸೋತಮೇಲೆ ಏನು ಮಾಡಿದರು? ಬ್ರಾಡ್ ಗೇಜ್‌ನಲ್ಲೇ ಗಡುವಿಗೆ ಮುಂಚೆ ಮುಗಿಸಿದರು. ಇವತ್ತು ನೀವು ನೋಯ್ಡಾದಿಂದ ಹತ್ತುವ ಬ್ಲೂ ಲೈನ್, ಗುರುಗ್ರಾಮದ ಯೆಲ್ಲೋ ಲೈನ್ ಓಡುವುದು ಅವರು ಬೇಡ ಅಂದಿದ್ದ ಹಳಿಯ ಮೇಲೆ. ಆದರೆ ವಾದವನ್ನು ಬಿಡಲೂ ಇಲ್ಲ. ಎರಡನೇ ಹಂತದಲ್ಲಿ ಹೊಸ ಮಾರ್ಗಗಳಿಗೆ ಸ್ಟ್ಯಾಂಡರ್ಡ್ ಗೇಜ್ ಒಪ್ಪಿಸಿಕೊಂಡರು. ಗ್ರೀನ್ ಲೈನ್, ವಯೊಲೆಟ್ ಲೈನ್ ಎರಡೂ ಅದರಲ್ಲಿವೆ. ನಮ್ಮ ಬೆಂಗಳೂರೂ ಅದೇ.

ಡಿಸೈನ್ ಮೀಟಿಂಗ್‌ನಲ್ಲಿ ಸೋತವರು ನಮ್ಮಲ್ಲಿ ಏನು ಮಾಡ್ತಾರೆ ಗೊತ್ತಲ್ಲ? ನಾನು ಆಗಲೇ ಹೇಳಿದ್ದೆ ಅಂತ ಕೈಕಟ್ಟಿ ಕೂರ್ತಾರೆ, ಪ್ರಾಜೆಕ್ಟ್ ಮುಳುಗಲಿ ಅಂತ ಒಳಗೊಳಗೇ ಕಾಯ್ತಾರೆ. ನಾನೂ ಕಾದಿದ್ದೇನೆ.

ಮೌನ ಮುರಿದ ಒಂದು ಪತ್ರ

ಇದು ನಮ್ಮ ಐಟಿ ಜನಕ್ಕೆ ಹತ್ತಿರದ ಕಥೆ. 2008ರಲ್ಲಿ ಹೈದರಾಬಾದ್ ಮೆಟ್ರೋ ಗುತ್ತಿಗೆಯನ್ನು ಮೇಟಾಸ್ ನೇತೃತ್ವದ ಗುಂಪು ಗೆದ್ದಿತು. ಸತ್ಯಂ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ತಿರುಗಿಸಿ ಬರೆದರೆ ಮೇಟಾಸ್. ಎರಡೂ ರಾಮಲಿಂಗ ರಾಜು ಕುಟುಂಬದ್ದು. ಮೆಟ್ರೋ ಕಟ್ಟುವವರು ಸಾಮಾನ್ಯವಾಗಿ ಸರ್ಕಾರದಿಂದ ಸಹಾಯಧನ ಕೇಳ್ತಾರೆ. ಇವರು ಉಲ್ಟಾ, ಸರ್ಕಾರಕ್ಕೇ 30,311 ಕೋಟಿ ಕೊಡ್ತೀವಿ ಅಂದರು. ಎಲ್ಲರೂ ಚಪ್ಪಾಳೆ.

ಶ್ರೀಧರನ್ ಯೋಜನಾ ಆಯೋಗಕ್ಕೆ ಪತ್ರ ಬರೆದರು. ಈ ಲೆಕ್ಕ ಮೆಟ್ರೋದ್ದಲ್ಲ, ಜೊತೆಗೆ ಸಿಗುವ ಜಮೀನಿನದು, ಮುಂದೆ ಇದು ಹಗರಣ ಆಗುತ್ತೆ ಅನ್ನೋದು ಅದರ ಸಾರ. ಆಂಧ್ರ ಸರ್ಕಾರ ಸಿಟ್ಟಾಗಿ ಮಾನನಷ್ಟ ಮೊಕದ್ದಮೆ ಹೂಡ್ತೀವಿ ಅಂದಿತು. ಅದು ಅವರ ಪ್ರಾಜೆಕ್ಟ್ ಅಲ್ಲ, ಸುಮ್ಮನಿದ್ದರೆ ಯಾರೂ ಕೇಳ್ತಿರಲಿಲ್ಲ. ಕೆಲವೇ ತಿಂಗಳಲ್ಲಿ, 2009ರ ಜನವರಿ 7ಕ್ಕೆ, ಸತ್ಯಂ ಲೆಕ್ಕಪತ್ರವೇ ಸುಳ್ಳು ಅಂತ ರಾಜು ಒಪ್ಪಿಕೊಂಡರು. ಅದೇ ವರ್ಷ ಆ ಗುತ್ತಿಗೆ ರದ್ದಾಯಿತು. ನಮ್ಮ ಸೀನಿಯರ್‌ಗಳಲ್ಲಿ ಎಷ್ಟೋ ಜನ ಆ ಜನವರಿಯಲ್ಲಿ ಬ್ಯಾಂಕ್ ಸಾಲದ ಕಂತು ಹೇಗೆ ಕಟ್ಟೋದು ಅಂತ ಕೂತಿದ್ದರು. ಲೆಕ್ಕ ಓದಿ ಇದು ಸರಿಯಿಲ್ಲ ಅಂತ ಗಟ್ಟಿಯಾಗಿ ಹೇಳುವ ಒಬ್ಬರು ಸತ್ಯಂ ಬೋರ್ಡಿನ ಒಳಗೂ ಇದ್ದಿದ್ದರೆ ಅಂತ ಅನ್ನಿಸುತ್ತೆ.

ಮತ್ತೆ ಕಂಬ 67ಕ್ಕೆ

ಈಗ ಆ ಭಾನುವಾರಕ್ಕೆ ವಾಪಸ್ ಹೋಗೋಣ. ರಾಜೀನಾಮೆಯನ್ನು ಮುಖ್ಯಮಂತ್ರಿ ಶೀಲಾ ದೀಕ್ಷಿತ್ ಒಪ್ಪಲಿಲ್ಲ. ಮಾರನೇ ದಿನ ಶ್ರೀಧರನ್ ಅದನ್ನು ವಾಪಸ್ ತೆಗೆದುಕೊಂಡರು. ಅದೇ ಸೋಮವಾರ ಬಿದ್ದ ಗರ್ಡರ್ ಎತ್ತುವಾಗ ಕ್ರೇನ್‌ಗಳೇ ಮಗುಚಿ ಮತ್ತೆ ಕೆಲವರಿಗೆ ಗಾಯವಾಯಿತು. ಕಂಬದ ಕ್ಯಾಪ್‌ನ ವಿನ್ಯಾಸದಲ್ಲೇ ದೋಷ ಇತ್ತು ಅಂತ ತನಿಖಾ ಸಮಿತಿ ಹೇಳಿತು.

ಒಂದೇ ದಿನಕ್ಕೆ ವಾಪಸ್ ಪಡೆದ ರಾಜೀನಾಮೆ ನಾಟಕ ಅಲ್ವಾ ಅಂತ ನಿಮ್ಮಲ್ಲಿ ಕೆಲವರು ಕೇಳ್ತೀರಿ. ನನಗೂ ಆ ಪ್ರಶ್ನೆ ಬಂತು. 1956ರ ನವೆಂಬರ್‌ನಲ್ಲಿ ಅರಿಯಲೂರು ರೈಲು ದುರಂತ ಆದಾಗ ರೈಲ್ವೆ ಮಂತ್ರಿ ಲಾಲ್ ಬಹದ್ದೂರ್ ಶಾಸ್ತ್ರಿ ರಾಜೀನಾಮೆ ಕೊಟ್ಟು ನಿಜವಾಗಿ ಹೊರಗೆ ಹೋದರು. ಅದರ ಮುಂದೆ ಇದು ಕಡಿಮೆ ತೂಕದ್ದು ಅನ್ನಬಹುದು.

ಇನ್ನೂ ಕಷ್ಟದ ಪ್ರಶ್ನೆ ಇದೆ. ಕಾಮನ್‌ವೆಲ್ತ್ ಕ್ರೀಡಾಕೂಟ 2010ರ ಅಕ್ಟೋಬರ್‌ನಲ್ಲಿ ಅಂತ ನಿಗದಿ ಆಗಿತ್ತು. ಎರಡನೇ ಹಂತ ಅದಕ್ಕೆ ಮೊದಲು ಮುಗಿಯಬೇಕಿತ್ತು. 2008ರ ಅಕ್ಟೋಬರ್‌ನಲ್ಲಿ ಲಕ್ಷ್ಮೀನಗರದಲ್ಲೂ ಕಟ್ಟುತ್ತಿದ್ದ ಮೇಲ್ಸೇತುವೆಯ ಭಾಗ ರಸ್ತೆಗೆ ಬಿದ್ದು ಸಾವಾಗಿತ್ತು. 46 ದಿನದ ಹೀರೋ, ಹಿಮ್ಮುಖ ಗಡಿಯಾರದ ಮನುಷ್ಯ, ಆ ಗಡಿಯಾರದ ಒತ್ತಡವೂ ಆ ಕಂಬದ ಮೇಲೆ ಇರಲಿಲ್ವಾ? ವೇಗವನ್ನು ಹೊಗಳುವ ನಾವು ಅದರ ಖರ್ಚನ್ನು ಯಾರ ಖಾತೆಗೆ ಬರೀತೀವಿ? ಹೊಗಳುವಾಗ ಒಂದು ಹೆಸರು ಹೇಳ್ತೀವಿ, ಸಾವಿಗೆ 6 ಅನ್ನೋ ಸಂಖ್ಯೆ ಹೇಳ್ತೀವಿ.

ನನ್ನ ಹತ್ತಿರ ಇದಕ್ಕೆ ಪೂರ್ತಿ ಉತ್ತರ ಇಲ್ಲ. ಆದರೆ ಒಂದು ವಿಷಯ ಸ್ಪಷ್ಟವಾಯಿತು. ರಾಜೀನಾಮೆ ಉಳಿಯಿತೋ ವಾಪಸ್ ಆಯಿತೋ ಅನ್ನೋದಕ್ಕಿಂತ, ಯಾವ ಕ್ರಮದಲ್ಲಿ ಏನಾಯ್ತು ಅನ್ನೋದು ಮುಖ್ಯ. ಮೊದಲು ನನ್ನದು ಅಂದರು, ಆಮೇಲೆ ಯಾಕೆ ಅಂತ ಹುಡುಕಿದರು. ನಾವು ಮಾಡೋದು ಉಲ್ಟಾ. ಮೊದಲು ಯಾರು ಅಂತ ಹುಡುಕಿ, ಅದು ನಾನಲ್ಲ ಅಂತ ಖಾತ್ರಿಯಾದಮೇಲೆ ಪೋಸ್ಟ್‌ಮಾರ್ಟಂ ಮೀಟಿಂಗ್ ಕರೀತೀವಿ. ಮೇಲಿನವರು ಮೊದಲೇ ಹೊಣೆ ಹೊತ್ತರೆ ಕೆಳಗಿನ ಎಂಜಿನಿಯರ್ ಕಾಗದ ಮುಚ್ಚಿಡಬೇಕಾಗಿಲ್ಲ. ವಿನ್ಯಾಸದ ದೋಷ ಮುಚ್ಚಿದರೆ ಅದು ಮುಂದಿನ ಕಂಬದಲ್ಲಿ ಕಾಯ್ತಿರುತ್ತೆ. ಹೊಣೆ ಹೊರೋದು ದೊಡ್ಡತನ ಮಾತ್ರ ಅಲ್ಲ, ಅದು ಸುರಕ್ಷತೆಯ ಒಂದು ವಿಧಾನ ಕೂಡ.

ನನ್ನ ಟೀಮ್‌ನಲ್ಲಿ ಆ ಕಾಲ್ ಆದಮೇಲೆ ಏನಾಯ್ತು ಗೊತ್ತಾ? ಯಾರೂ ಪ್ರೊಡಕ್ಷನ್ ಬಗ್ಗೆ ಡೌಟ್ ಕೇಳೋದನ್ನೇ ನಿಲ್ಲಿಸಿದರು. ಸಣ್ಣಪುಟ್ಟ ತಪ್ಪುಗಳನ್ನು ತಾವೇ ರಾತ್ರಿ ಸರಿಮಾಡಿ ಸುಮ್ಮನಾದರು. ಆರು ತಿಂಗಳಾದಮೇಲೆ ಅದಕ್ಕಿಂತ ದೊಡ್ಡ ಔಟೇಜ್ ಆಯಿತು, ಮುಚ್ಚಿಟ್ಟಿದ್ದ ಒಂದು ಸಣ್ಣ ತಪ್ಪಿನಿಂದ. ಒಂದು ಹೆಸರು ಹೇಳಿ ನಾನು ಉಳಿಸಿಕೊಂಡಿದ್ದು ಆ ಸೋಮವಾರದ ಅರ್ಧ ಗಂಟೆ ಮಾತ್ರ.

ಪಟ್ಟಿಯಲ್ಲಿ ಇಲ್ಲದ್ದು

ಬದರ್ಪುರ್ ಮಾರ್ಗದ ಮೊದಲ ಭಾಗ ಶುರುವಾಗಿದ್ದು 2010ರ ಅಕ್ಟೋಬರ್ 3, ಕ್ರೀಡಾಕೂಟದ ಉದ್ಘಾಟನೆಯ ದಿನವೇ. ಶ್ರೀಧರನ್ 2011ರ ಡಿಸೆಂಬರ್ 31ಕ್ಕೆ ನಿವೃತ್ತರಾದರು. ಜಾಗಕ್ಕೆ ಬಂದಿದ್ದು ಅದೇ ಸಂಸ್ಥೆಯಲ್ಲಿ ವರ್ಷಗಳಿಂದ ದುಡಿದ ಮಂಗು ಸಿಂಗ್. ಮೆಟ್ರೋ ನಿಲ್ಲಲಿಲ್ಲ, ಇನ್ನೂ ಬೆಳೆಯಿತು. ಬಿಟ್ಟುಹೋದಮೇಲೆ ನಡೆಯದ ಸಂಸ್ಥೆಯನ್ನು ಕಟ್ಟಿದವರನ್ನು ನಾಯಕ ಅನ್ನಬೇಕೋ ಬೇಡವೋ ಅಂತ ನನಗೆ ಅನುಮಾನ. ಇಲ್ಲಿ ಆ ಅನುಮಾನ ಇಲ್ಲ.

2021ರಲ್ಲಿ 88ನೇ ವಯಸ್ಸಿಗೆ ಅವರು ಪಾಲಕ್ಕಾಡ್‌ನಿಂದ ವಿಧಾನಸಭೆಗೆ ನಿಂತು ಸುಮಾರು 3,800 ಮತದಿಂದ ಸೋತರು. ಯಾವ ಪಕ್ಷ, ಸರಿಯೋ ತಪ್ಪೋ, ಆ ಚರ್ಚೆ ಇಲ್ಲಿ ಬೇಡ. ನನಗೆ ಅದರಲ್ಲಿ ಕಂಡಿದ್ದು ಇಷ್ಟು: ನಾಯಕತ್ವ ಅನ್ನೋದು ಎಲ್ಲ ಬೀಗಕ್ಕೂ ಹೊಂದುವ ಕೀಲಿಕೈ ಅಲ್ಲ. ಸೈಟಿನಲ್ಲಿ ನಡೆದ ಶಿಸ್ತು ಮತಗಟ್ಟೆಯಲ್ಲಿ ನಡೀಬೇಕು ಅಂತಿಲ್ಲ. ಒಳ್ಳೆ ಕೋಡ್ ಬರೆಯುವವನನ್ನು ಮ್ಯಾನೇಜರ್ ಮಾಡಿ ಇಬ್ಬರನ್ನೂ ಕಳೆದುಕೊಳ್ಳುವ ನಮ್ಮ ಕಂಪನಿಗಳಿಗೂ ಇದು ಗೊತ್ತಿರಬೇಕಿತ್ತು.

ಟ್ರೈನಿಂಗ್‌ನ ಆ ಹತ್ತು ಗುಣಗಳ ಪಟ್ಟಿ ನನ್ನ ಹಳೇ ನೋಟ್‌ಬುಕ್‌ನಲ್ಲಿ ಇನ್ನೂ ಇದೆ. ತಪ್ಪೇನಿಲ್ಲ ಅದರಲ್ಲಿ. ಆದರೆ ಮೀನುಗಾರನನ್ನು ಕೇಳು, ಸೋತ ವಾದವನ್ನೂ ಮನಸ್ಸಿಟ್ಟು ಕಟ್ಟು, ನಿನ್ನದಲ್ಲದ ಸುಳ್ಳಿನ ಬಗ್ಗೆಯೂ ಬಾಯಿಬಿಡು, ತನಿಖೆಗೆ ಮೊದಲು ನನ್ನದು ಅನ್ನು, ಈ ನಾಲ್ಕು ಅಲ್ಲಿರಲಿಲ್ಲ. ಪೆನ್ನಲ್ಲಿ ಕೆಳಗೆ ಸೇರಿಸಿದ್ದೇನೆ.

ಈ ಎಪಿಸೋಡ್ ತಯಾರಿ ಮಾಡುವಾಗ ಆ ಹುಡುಗನಿಗೆ ಮೆಸೇಜ್ ಹಾಕಿದೆ. ಈಗ ಅವನು ಪುಣೆಯಲ್ಲಿ, ಅವನೇ ಒಂದು ಟೀಮಿನ ಲೀಡ್. ಆ ಸ್ಕ್ರಿಪ್ಟ್ ಅಪ್ರೂವ್ ಮಾಡಿದ್ದು ನಾನು, ಕಾಲ್‌ನಲ್ಲಿ ಅದನ್ನು ಹೇಳಬೇಕಿತ್ತು, ಹೇಳಲಿಲ್ಲ, ಕ್ಷಮಿಸು ಅಂತ ಬರೆದೆ. ಎರಡು ದಿನ ಉತ್ತರ ಬರಲಿಲ್ಲ. ಮೂರನೇ ದಿನ ಬಂತು: ಗೊತ್ತಿತ್ತು ಸರ್, ಲಾಗ್‌ನಲ್ಲಿ ನಿಮ್ಮ ಹೆಸರು ಇತ್ತು.

ಅಷ್ಟೇ. ಅವನಿಗೆ ಆವತ್ತೇ ಗೊತ್ತಿತ್ತು, ಆದರೂ ಆ ಕಾಲ್‌ನಲ್ಲಿ ಅವನು ಮ್ಯೂಟ್ ತೆಗೆಯಲಿಲ್ಲ.

ಮುಂದಿನ ಸಲ ವಯೊಲೆಟ್ ಲೈನ್‌ನಲ್ಲಿ ಹೋಗುವಾಗ ಕೈಲಾಶ್ ಕಾಲನಿ ಹತ್ತಿರ ಒಂದು ಕ್ಷಣ ಫೋನಿನಿಂದ ತಲೆ ಎತ್ತಿ ಕೆಳಗೆ ನೋಡಿ. ಸಾಮಾನ್ಯ ಕಂಬಗಳೇ, ಏನೂ ವಿಶೇಷ ಕಾಣಲ್ಲ. ನಿಮ್ಮ ಟೀಮಿನಲ್ಲಿ ನಿಮ್ಮ ಪರವಾಗಿ ತಪ್ಪನ್ನು ತಮ್ಮ ಮೇಲೆ ಹಾಕಿಕೊಂಡ ಲೀಡ್ ಯಾರಾದರೂ ಇದ್ದರೆ ಅವರಿಗೆ ಇವತ್ತು ಒಂದು ಫೋನ್ ಮಾಡಿ. ಮುಂದಿನ ವಾರ ಸಿಗೋಣ.